ಜಾಮೀನು ನಿಂತವರು: ಅಮೆರಿಕದ ಗಡಿನಾಡಿನಲ್ಲಿ ಪ್ರೊಮೊತೋರಾಗಳ ಚರಿತ್ರೆ

ಅಮೆರಿಕದ ಕ್ಯಾನ್ಸರ್ ಅಂಕಿಅಂಶಗಳಲ್ಲಿ ಲ್ಯಾಟಿನಾ ಮಹಿಳೆಯರ ಲೆಕ್ಕ ನೋಡಿದರೆ ಎರಡು ರೋಗಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಮೆಕ್ಸಿಕೊ, ಗ್ವಾಟೆಮಾಲ, ಎಲ್ ಸಾಲ್ವಡೋರ್ ಮೊದಲಾದ ದೇಶಗಳಿಂದ ಬಂದ, ಇಲ್ಲವೇ ಹಾಗೆ ಬಂದವರ ಹೊಟ್ಟೆಯಲ್ಲಿ ಹುಟ್ಟಿದ ಈ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಳಿಯ ಮಹಿಳೆಯರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಗರ್ಭಕಂಠದ ಕ್ಯಾನ್ಸರ್ ಮಾತ್ರ ಸುಮಾರು ಮೂರನೇ ಒಂದು ಪಾಲು ಹೆಚ್ಚು. ಈ ಎರಡನೆಯದು ತಪಾಸಣೆಯಿಂದ ಬಹುಮಟ್ಟಿಗೆ ತಡೆಯಬಹುದಾದ ರೋಗ. ಜೀವಕೋಶ ಕೆಡಲು ಶುರುವಾಗುವುದಕ್ಕೂ ಅದು ಕ್ಯಾನ್ಸರ್ ಆಗಿ ಬೆಳೆಯುವುದಕ್ಕೂ ನಡುವೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಅವಧಿ ಸಿಗುತ್ತದೆ. ಆ ಅವಧಿಯಲ್ಲಿ ಒಂದೆರಡು ಸಲ ಪರೀಕ್ಷೆಯಾದರೆ ಕೆಟ್ಟ ಪದರವನ್ನು ಸಣ್ಣ ಚಿಕಿತ್ಸೆಯಲ್ಲೇ ತೆಗೆದುಹಾಕಬಹುದು. ಹಾಗಾಗಿ ಶ್ರೀಮಂತ ದೇಶವೊಂದರಲ್ಲಿ ಒಂದು ಸಮುದಾಯಕ್ಕೆ ಮಾತ್ರ ಈ ರೋಗ ಹೆಚ್ಚಾಗಿ ಅಂಟಿಕೊಂಡಿದ್ದರೆ, ಆ ಸಮುದಾಯಕ್ಕೂ ಆಸ್ಪತ್ರೆಗೂ ನಡುವೆ ಏನು ನಡೆದಿದೆ ಎಂದು ಕೇಳಲೇಬೇಕಾಗುತ್ತದೆ. ವೈದ್ಯಕೀಯ ಬರಹಗಳಲ್ಲಿ ಬಹುಕಾಲ ಸಿಗುತ್ತಿದ್ದ ಉತ್ತರ ಹೀಗಿತ್ತು: ಇವರು ಹಣೆಬರಹ ನಂಬುವವರು, ಸಂಕೋಚದವರು, ಕ್ಯಾನ್ಸರ್ ಎಂದರೆ ಸಾವೆಂದೇ ತಿಳಿದವರು, ಅದಕ್ಕೇ ತಪಾಸಣೆಗೆ ಬರುವುದಿಲ್ಲ, ಇವರಿಗೆ ತಿಳಿವಳಿಕೆ ಕೊಡಬೇಕು, ಕೊಡಲು ಅವರದೇ ಭಾಷೆಯ, ಅವರದೇ ಓಣಿಯ ಒಬ್ಬಳನ್ನು ಗೊತ್ತುಮಾಡಬೇಕು. ಹೀಗೆ ಗೊತ್ತುಮಾಡಿದವಳನ್ನು ಸ್ಪ್ಯಾನಿಷ್ ಮಾತಾಡುವವರು ಪ್ರೊಮೊತೋರಾ ಎನ್ನುತ್ತಾರೆ. ಈ ವಿವರಣೆಯನ್ನು ಚರಿತ್ರೆ ಒಪ್ಪುವುದಿಲ್ಲ ಎಂಬುದು ನನ್ನ ವಾದ. ಅಪನಂಬಿಕೆಯನ್ನು ಬಿತ್ತಿ ಬೆಳೆಸಿದ್ದು ಸಂಸ್ಥೆಗಳೇ. ಪ್ರೊಮೊತೋರಾಳ ಕೆಲಸ ಫಲ ಕೊಟ್ಟಿದ್ದು ಆಕೆ ಮಾಹಿತಿ ಹಂಚಿದಳೆಂಬುದಕ್ಕಿಂತ ಹೆಚ್ಚಾಗಿ, ಆಸ್ಪತ್ರೆಯ ಪರವಾಗಿ ತನ್ನ ಹೆಸರನ್ನೇ ಪಣಕ್ಕಿಟ್ಟು ಜಾಮೀನು ನಿಂತಳೆಂಬುದಕ್ಕೆ.

ತಪಾಸಣೆಯ ಕಥೆಯೇ ವಲಸಿಗರೊಬ್ಬರಿಂದ ಶುರುವಾಗುತ್ತದೆ. ಗ್ರೀಸ್ ದೇಶದ ಜಾರ್ಜ್ ಪಾಪನಿಕೊಲಾವು 1913ರಲ್ಲಿ ಪತ್ನಿ ಆಂಡ್ರೊಮಾಕಿಯೊಂದಿಗೆ ನ್ಯೂಯಾರ್ಕಿಗೆ ಬಂದಿಳಿದರು. ವೈದ್ಯಪದವಿ ಇದ್ದರೂ ಮೊದಮೊದಲು ರತ್ನಗಂಬಳಿ ಮಾರುವ ಕೆಲಸ ಮಾಡಿದರು. ಆಂಡ್ರೊಮಾಕಿ ದೊಡ್ಡ ಅಂಗಡಿಯೊಂದರಲ್ಲಿ ಗುಂಡಿ ಹೊಲಿದರು. ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜಾಗ ಸಿಕ್ಕ ಮೇಲೆ ಪಾಪನಿಕೊಲಾವು ಸ್ತ್ರೀ ದೇಹದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಓದುವ ವಿದ್ಯೆ ಕಟ್ಟಿದರು. ಅದಕ್ಕೆ ವರ್ಷಗಟ್ಟಲೆ ಮಾದರಿ ಕೊಟ್ಟವರು ಆಂಡ್ರೊಮಾಕಿಯೇ. 1928ರಲ್ಲಿ ಪಾಪನಿಕೊಲಾವು ಮೊದಲ ಬಾರಿ ಈ ವಿಷಯ ಮಂಡಿಸಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಜೊತೆಗೂಡಿ 1941ರಲ್ಲಿ ಲೇಖನ, 1943ರಲ್ಲಿ ಪುಸ್ತಕ ಹೊರತಂದ ಮೇಲೆ ಕ್ಯಾನ್ಸರ್ ಸಂಸ್ಥೆಗಳು ಎಚ್ಚೆತ್ತವು. ಮುಂದಿನ ದಶಕಗಳಲ್ಲಿ ಅವರ ಹೆಸರು ಹೊತ್ತ ಈ ಪ್ಯಾಪ್ ಪರೀಕ್ಷೆ ಅಮೆರಿಕದಲ್ಲಿ ಮನೆಮಾತಾಯಿತು, ಗರ್ಭಕಂಠದ ಕ್ಯಾನ್ಸರಿನ ಸಾವು ಇಳಿಯುತ್ತ ಹೋಯಿತು. ಆದರೆ ಈ ಗೆಲುವಿನ ಒಳಗೇ ಒಂದು ಷರತ್ತು ಅಡಗಿತ್ತು. ರೋಗದ ಲಕ್ಷಣ ಏನೂ ಇಲ್ಲದ ಹೆಂಗಸು, ದಿನದ ಕೂಲಿ ಬಿಟ್ಟು, ತಾನಾಗಿಯೇ ಆಸ್ಪತ್ರೆಗೆ ಬಂದು, ಅಪರಿಚಿತರೊಬ್ಬರ ಮುಂದೆ ಬಟ್ಟೆ ಸರಿಸಿ ಪರೀಕ್ಷೆಗೆ ಒಡ್ಡಿಕೊಳ್ಳಬೇಕು. ಒಮ್ಮೆ ಬಂದರೆ ಸಾಲದು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬರಬೇಕು. ಹೊಟ್ಟೆನೋವೋ ಹೆರಿಗೆಯೋ ಇದ್ದರೆ ಅಪನಂಬಿಕೆ ಇದ್ದರೂ ಜನ ಆಸ್ಪತ್ರೆಗೆ ಹೋಗುತ್ತಾರೆ, ಬೇರೆ ದಾರಿ ಇರುವುದಿಲ್ಲ. ನೋವೇ ಇಲ್ಲದಾಗ ಕರೆದೊಯ್ಯುವುದು ನಂಬಿಕೆಯೊಂದೇ. ಆ ನಂಬಿಕೆ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ, ಏಕೆ ಇರಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಟೆಕ್ಸಾಸ್ ಗಡಿಗೆ ಹೋಗಬೇಕು.

ರಿಯೊ ಗ್ರಾಂಡೆ ನದಿಯ ಆಚೆ ದಡದಲ್ಲಿ ಮೆಕ್ಸಿಕೊದ ಸಿಯುದಾದ್ ಹುವಾರೆಸ್, ಈಚೆ ದಡದಲ್ಲಿ ಅಮೆರಿಕದ ಎಲ್ ಪಾಸೊ. ಆ ದಡದ ಹೆಂಗಸರು ಬೆಳಿಗ್ಗೆ ಸೇತುವೆ ದಾಟಿ ಈ ದಡದ ಮನೆಗಳಲ್ಲಿ ಕಸಮುಸುರೆ ಮಾಡಿ ಸಂಜೆ ಹಿಂದಿರುಗುವುದು ಹಳೆಯ ವಾಡಿಕೆ. 1917ರ ಜನವರಿಯಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರದ ಭಯವನ್ನು ಮುಂದಿಟ್ಟುಕೊಂಡು ಅಮೆರಿಕದ ಅಧಿಕಾರಿಗಳು ಸಾಂತಾ ಫೆ ಸೇತುವೆಯಲ್ಲಿ ಹೊಸ ಕಟ್ಟಳೆ ತಂದರು: ಹೀಗೆ ದಾಟುವವರು ಬಟ್ಟೆ ಬಿಚ್ಚಬೇಕು, ತಲೆಯಲ್ಲಿ ಹೇನಿದೆಯೇ ಎಂದು ನೋಡಿಸಿಕೊಳ್ಳಬೇಕು, ರಾಸಾಯನಿಕ ಬೆರೆತ ನೀರಿನಲ್ಲಿ ಸ್ನಾನ ಮಾಡಬೇಕು. ಇದಕ್ಕೆ ಹಿಂದಿನ ವರ್ಷವೇ ಎಲ್ ಪಾಸೊದ ಜೈಲಿನಲ್ಲಿ ಹೇನು ಕೊಲ್ಲಲೆಂದು ಕೈದಿಗಳಿಗೆ ಗ್ಯಾಸೊಲಿನ್ ಬೆರೆಸಿದ ದ್ರವದ ಸ್ನಾನ ಮಾಡಿಸುವಾಗ ಬೆಂಕಿ ಹತ್ತಿ 20ಕ್ಕೂ ಹೆಚ್ಚು ಜನ ಸತ್ತಿದ್ದರು. ಜೊತೆಗೆ, ಬೆತ್ತಲೆ ನಿಂತ ಹೆಂಗಸರ ಫೋಟೊಗಳನ್ನು ಅಲ್ಲಿನ ನೌಕರರು ತೆಗೆದು ಹೆಂಡದಂಗಡಿಯಲ್ಲಿ ಹಂಚುತ್ತಾರೆಂಬ ಸುದ್ದಿಯೂ ಹುವಾರೆಸ್ ತುಂಬ ಹಬ್ಬಿತ್ತು. ಜನವರಿ 28ರ ಬೆಳಿಗ್ಗೆ 17 ವರ್ಷದ ಮನೆಗೆಲಸದ ಹುಡುಗಿ ಕಾರ್ಮೆಲಿತಾ ತೋರ್ರೆಸ್ ಸ್ನಾನಕ್ಕೆ ಒಪ್ಪದೆ ನಿಂತಳು, ಟ್ರಾಮಿನಲ್ಲಿದ್ದ ಇತರ ಹೆಂಗಸರನ್ನೂ ನಿಲ್ಲಿಸಿದಳು. ನೋಡನೋಡುತ್ತ ನೂರಾರು ಹೆಂಗಸರು ಸೇರಿ ಟ್ರಾಮುಗಳನ್ನು ತಡೆದರು. ಗಲಭೆಯನ್ನು ಸೈನಿಕರು ಅಡಗಿಸಿದರು. ಸ್ನಾನದ ಕಟ್ಟಳೆ ಮಾತ್ರ ದಶಕಗಳ ಕಾಲ ಮುಂದುವರಿಯಿತು. 1942ರಿಂದ 1964ರವರೆಗೆ ನಡೆದ ಬ್ರಾಸೆರೊ ಯೋಜನೆಯಲ್ಲಿ ಅಮೆರಿಕದ ಹೊಲಗಳಿಗೆ ಕೂಲಿಗೆ ಬಂದ ಮೆಕ್ಸಿಕೊದ ಗಂಡಸರ ಮೈಮೇಲೆ ಡಿಡಿಟಿ ಎರಚಿದ್ದು ಇದೇ ಪರಂಪರೆ. ಎಲ್ ಪಾಸೊ ಪಕ್ಕದ ಸೊಕೊರೊದಲ್ಲಿದ್ದ ರಿಯೊ ವಿಸ್ತಾ ಕೇಂದ್ರದ ಮೂಲಕವೂ ಅಂಥ ಗಂಡಸರು ಸಾಲುಗಟ್ಟಿ ದಾಟಿದರು. ಗಡಿಯ ಜನರಿಗೆ ಬಿಳಿ ಕೋಟಿನ ಮೊದಲ ಪರಿಚಯ ಆದದ್ದು ಹೀಗೆ. ಅವರ ಮೈಯೇ ರೋಗದ ಗೂಡೆಂದು ತಿಳಿದು, ಅವರಿಂದ ಊರನ್ನು ಕಾಪಾಡಲು ನಿಂತ ಕಾವಲುಗಾರನಾಗಿ ಬಂದವನು ಆತ. ಅವರ ಆರೋಗ್ಯ ವಿಚಾರಿಸುವವನಾಗಿ ಬರಲಿಲ್ಲ.

ಇದು ಹಳೆಯ ಕಥೆ, ಆಮೇಲೆ ಕಾಲ ಬದಲಾಯಿತಲ್ಲ ಎನ್ನುವವರಿಗೆ ಲಾಸ್ ಏಂಜಲಿಸ್ ಉತ್ತರ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1909ರಿಂದಲೂ ಬಲವಂತದ ಸಂತಾನಶಕ್ತಿಹರಣಕ್ಕೆ ಅವಕಾಶ ಕೊಡುವ ಕಾನೂನಿತ್ತು. ಅದರ ಅಡಿಯಲ್ಲಿ ಸರ್ಕಾರಿ ಸಂಸ್ಥೆಗಳು ಸುಮಾರು 20,000 ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದವು. 1970ರ ದಶಕದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲಿಸ್ ಕೌಂಟಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಡೆದದ್ದು ಆ ಕಾನೂನನ್ನೂ ಮೀರಿದ್ದು. ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕೊ ಮೂಲದ ಹೆಂಗಸರಿಂದ, ಅವರಲ್ಲಿ ಹಲವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಗರ್ಭನಾಳಗಳನ್ನು ಕಟ್ಟಿಹಾಕಲಾಯಿತು. ತಮಗೆ ಏನು ಮಾಡಿದ್ದಾರೆಂದು ಕೆಲವರಿಗೆ ಗೊತ್ತಾದದ್ದೇ ಎಷ್ಟೋ ಕಾಲದ ಮೇಲೆ. ಆಸ್ಪತ್ರೆಯೊಳಗಿದ್ದ ಯುವ ವೈದ್ಯ ಬರ್ನಾರ್ಡ್ ರೋಸೆನ್‌ಫೆಲ್ಡ್ ಇದನ್ನು ಹೊರಹಾಕಿದರು, ವಕೀಲೆ ಅಂತೋನಿಯಾ ಎರ್ನಾಂದೆಸ್ ಮೊದಲಾದವರು ಹತ್ತು ಹೆಂಗಸರ ಪರವಾಗಿ ಮೊಕದ್ದಮೆ ಹೂಡಿದರು. ಮಾದ್ರಿಗಾಲ್ ವಿರುದ್ಧ ಕ್ವಿಲಿಗನ್ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1978ರಲ್ಲಿ ಹೆಂಗಸರು ಸೋತರು. ತೀರ್ಪು ಹೇಳಿದ ರೀತಿ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ವೈದ್ಯರಿಗೂ ರೋಗಿಗಳಿಗೂ ನಡುವೆ ಮಾತು ತಪ್ಪಿಹೋಯಿತು, ಈ ಹೆಂಗಸರಿಗೆ ಇಷ್ಟು ನೋವಾಗಿರುವುದು ಅವರ ಸಂಸ್ಕೃತಿಯ ಹಿನ್ನೆಲೆಯಿಂದ ಎಂದು ನ್ಯಾಯಾಧೀಶ ಜೆಸ್ಸಿ ಕರ್ಟಿಸ್ ತೀರ್ಮಾನಿಸಿದರು. ಸಂಸ್ಥೆ ಮಾಡಿದ ಗಾಯಕ್ಕೆ ಗಾಯಗೊಂಡವರ ಸಂಸ್ಕೃತಿಯನ್ನೇ ಹೊಣೆ ಮಾಡುವ ಈ ವಾದಸರಣಿ, ಮುಂದೆ ಕ್ಯಾನ್ಸರ್ ತಪಾಸಣೆಯ ಬರಹಗಳಲ್ಲಿ ಬೇರೆ ಹೆಸರಿನಲ್ಲಿ ಮರಳಿತು. ಮೊಕದ್ದಮೆ ಎಬ್ಬಿಸಿದ ಗದ್ದಲದಿಂದ ಒಳ್ಳೆಯದೂ ಆಯಿತು: ರೋಗಿಯ ಭಾಷೆಯಲ್ಲಿ ಒಪ್ಪಿಗೆ ಪತ್ರ, ಸಹಿಗೂ ಶಸ್ತ್ರಚಿಕಿತ್ಸೆಗೂ ನಡುವೆ 30 ದಿನಗಳ ಅಂತರ ಮುಂತಾದ ನಿಯಮಗಳು ಬಂದವು, 1979ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಹಳೆಯ ಕಾನೂನನ್ನು ರದ್ದುಮಾಡಿತು. ಆದರೆ ಆ ಹೆಂಗಸರ ತಂಗಿಯರು, ಸೊಸೆಯರು, ಪಕ್ಕದ ಮನೆಯವರು ಆಸ್ಪತ್ರೆಯ ಬಗ್ಗೆ ಮಾತಾಡಿಕೊಳ್ಳುವಾಗ ನಿಯಮಾವಳಿಯನ್ನು ಓದಿಕೊಂಡು ಮಾತಾಡುವುದಿಲ್ಲ. ಸ್ತ್ರೀರೋಗ ವಿಭಾಗದ ಮಂಚದ ಮೇಲೆ ಮಲಗಿದರೆ ಏನಾಗಬಹುದೆಂದು ಅವರಿಗಿದ್ದ ಭಯಕ್ಕೆ ದಾಖಲೆಯಿತ್ತು.

ಪ್ರೊಮೊತೋರಾ ಹುಟ್ಟಿದ್ದು ಅಮೆರಿಕದ ಆರೋಗ್ಯ ಇಲಾಖೆಯಲ್ಲಿ ಅಲ್ಲ. ಗ್ವಾಟೆಮಾಲದ ಚಿಮಾಲ್ತೆನಾಂಗೊದಲ್ಲಿ ಡಾ. ಕ್ಯಾರಲ್ ಬೆರ್‌ಹಾರ್ಸ್ಟ್ 1960ರ ದಶಕದ ಮೊದಲ ವರ್ಷಗಳಿಂದ ಮಾಯಾ ರೈತರಿಗೇ ಆರೋಗ್ಯದ ತರಬೇತಿ ಕೊಡತೊಡಗಿದರು. ಮೆಕ್ಸಿಕೊದ ಸಿನಾಲೊವಾ ಬೆಟ್ಟಗಳ ಅಹೋಯಾ ಎಂಬ ಹಳ್ಳಿಯಲ್ಲಿ ಡೇವಿಡ್ ವರ್ನರ್ 1960ರ ದಶಕದಲ್ಲಿ ಅದೇ ಕೆಲಸ ಹಿಡಿದರು. ಅಲ್ಲಿನ ಅನುಭವದಿಂದ 1973ರಲ್ಲಿ ಸ್ಪ್ಯಾನಿಷಿನಲ್ಲಿ ಬಂದ, ವೈದ್ಯರಿಲ್ಲದ ಊರಿಗಾಗಿ ಬರೆದ ಅವರ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು. ಬಡವರು ತುಂಬಿಸಿಕೊಳ್ಳಲು ಕಾಯುವ ಖಾಲಿ ತಲೆಗಳಲ್ಲ, ತಮ್ಮ ಪಾಡನ್ನು ತಾವೇ ಓದಬಲ್ಲವರು ಎಂಬ ಬ್ರೆಜಿಲಿನ ಪಾವ್ಲೊ ಫ್ರೇರಿಯವರ ಚಿಂತನೆಯೂ ಈ ತರಬೇತಿಗಳೊಳಗೆ ಹರಿದು ಬಂತು. ಹಾಗಾಗಿಯೇ ಆ ದೇಶಗಳಲ್ಲಿ ಪ್ರೊಮೊತೋರಾ ಎಂದರೆ ಮಾತ್ರೆ ಹಂಚುವವಳಷ್ಟೇ ಆಗಿರಲಿಲ್ಲ. ನೀರಿಲ್ಲದ್ದಕ್ಕೆ, ಜಮೀನಿಲ್ಲದ್ದಕ್ಕೆ ಪ್ರಶ್ನೆ ಎತ್ತುವವಳೂ ಆಗಿದ್ದಳು. ಗ್ವಾಟೆಮಾಲದ ಅಂತರ್ಯುದ್ಧದಲ್ಲಿ ಇಂಥ ಆರೋಗ್ಯ ಕಾರ್ಯಕರ್ತರನ್ನು ಸೈನ್ಯ ಹುಡುಕಿ ಕೊಂದದ್ದು ಅದಕ್ಕೇ. 1978ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದ ಅಲ್ಮಾ ಆತಾ ಘೋಷಣೆ ಪ್ರಾಥಮಿಕ ಆರೋಗ್ಯದ ಕೆಲಸದಲ್ಲಿ ಊರ ಕಾರ್ಯಕರ್ತರಿಗೆ ಜಗತ್ತಿನ ಮನ್ನಣೆ ಕೊಡುವ ಹೊತ್ತಿಗೆ ಲ್ಯಾಟಿನ್ ಅಮೆರಿಕದಲ್ಲಿ ಈ ಪದ್ಧತಿ ಬೇರೂರಿಯಾಗಿತ್ತು. ವಲಸೆ ಬಂದವರು ಅದನ್ನು ತಮ್ಮೊಂದಿಗೆ ಉತ್ತರಕ್ಕೆ ತಂದರು. ಅಮೆರಿಕದಲ್ಲಿ 1962ರ ವಲಸೆ ಕಾರ್ಮಿಕರ ಆರೋಗ್ಯ ಕಾಯ್ದೆಯಡಿ ಚಿಕಿತ್ಸಾಲಯಗಳೇನೋ ತೆರೆದಿದ್ದವು, ಆದರೆ ಸುಗ್ಗಿಯಿಂದ ಸುಗ್ಗಿಗೆ ಊರೂರು ಅಲೆಯುವ ಕೂಲಿಯವರಿಗೆ ಅವು ಎಟುಕುತ್ತಿರಲಿಲ್ಲ. 1980ರ ದಶಕದಲ್ಲಿ ಮಿಷಿಗನ್ನಿನಂಥ ರಾಜ್ಯಗಳ ಕೂಲಿ ಕ್ಯಾಂಪುಗಳಲ್ಲಿ, ಅಲ್ಲಿ ವಾಸವಿದ್ದ ಹೆಂಗಸರನ್ನೇ ಆರಿಸಿ ತರಬೇತಿ ಕೊಡುವ ಯೋಜನೆಗಳು ಶುರುವಾದವು. ಟೆಕ್ಸಾಸ್ ಗಡಿಯುದ್ದಕ್ಕೂ ನಲ್ಲಿ ನೀರಾಗಲಿ ಚರಂಡಿಯಾಗಲಿ ಇಲ್ಲದೆ ಎದ್ದ ಕೊಲೋನಿಯಾ ಎಂಬ ಬಡಾವಣೆಗಳಲ್ಲೂ ಇವರೇ ಕಾಣಿಸಿಕೊಂಡರು.

ಕ್ಯಾನ್ಸರ್ ತಪಾಸಣೆ ಇವರ ಕೈಗೆ ಬಂದದ್ದು ಒಂದು ಕಾನೂನಿನಿಂದ. 1990ರಲ್ಲಿ ಅಮೆರಿಕದ ಸಂಸತ್ತು ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಸಾವು ತಡೆ ಕಾಯ್ದೆ ಮಾಡಿತು. ಮರುವರ್ಷ ಒಕ್ಕೂಟ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವಿಮೆಯಿಲ್ಲದ ಬಡ ಮಹಿಳೆಯರಿಗೆ ಉಚಿತ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಪ್ಯಾಪ್ ಪರೀಕ್ಷೆ ಒದಗಿಸುವ ರಾಷ್ಟ್ರೀಯ ಯೋಜನೆ ಆರಂಭಿಸಿತು. ಬಾಗಿಲು ತೆರೆದಿಟ್ಟರೂ ಲ್ಯಾಟಿನಾ ಮಹಿಳೆಯರು ನಿರೀಕ್ಷಿಸಿದಷ್ಟು ಬರಲಿಲ್ಲ. ಕರೆತರಲು ಹಣ ಬಂತು, ಆ ಹಣದಿಂದ ಪ್ರೊಮೊತೋರಾಗಳು ಬಂದರು. ಅವರ ದಿನದ ಕೆಲಸವನ್ನು ನೋಡಿದರೆ ಅದರಲ್ಲಿ ಪಾಠ ಹೇಳುವ ಭಾಗ ಚಿಕ್ಕದು. ಯಾರದಾದರೂ ಮನೆಯಲ್ಲಿ ಏಳೆಂಟು ಜನರನ್ನು ಕೂಡಿಸಿ, ಹಾಳೆ ಮಗುಚುವ ಚಿತ್ರಪಟ ಇಟ್ಟುಕೊಂಡು ಗರ್ಭಕೋಶ ಎಲ್ಲಿದೆ, ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಎಂದು ತೋರಿಸುವುದಕ್ಕೆ ಒಂದೆರಡು ಗಂಟೆ ಸಾಕು. ಆಮೇಲಿನದೇ ಉದ್ದದ ಕೆಲಸ. ಚಿಕಿತ್ಸಾಲಯಕ್ಕೆ ಫೋನ್ ಮಾಡಿ ಕೂಲಿ ತಪ್ಪದ ಹೊತ್ತಿಗೆ ಸಮಯ ಗೊತ್ತುಮಾಡಬೇಕು. ಹೆಂಗಸು ವೈದ್ಯೆ ಇದ್ದಾರೆಯೇ ಎಂದು ಕೇಳಬೇಕು. ಗುರುತಿನ ಚೀಟಿ ಯಾವುದು ಕೇಳುತ್ತಾರೆ, ಯಾವುದು ಕೇಳುವುದಿಲ್ಲ ಎಂದು ಮೊದಲೇ ವಿಚಾರಿಸಿಕೊಂಡು ಹೇಳಬೇಕು. ಬಸ್ಸಿಲ್ಲದ ಕಡೆಯಿಂದ ತನ್ನ ಕಾರಿನಲ್ಲಿ ಕರೆದೊಯ್ಯಬೇಕು, ಮಗು ಅತ್ತರೆ ಎತ್ತಿಕೊಳ್ಳಬೇಕು, ಗಂಡನಿಗೆ ಸಮಾಧಾನ ಹೇಳಬೇಕು, ಅಂಚೆಯಲ್ಲಿ ಬಂದ ಇಂಗ್ಲಿಷ್ ಫಲಿತಾಂಶ ಓದಿ ತಿಳಿಸಬೇಕು. ಇವೆಲ್ಲದರ ಹಿಂದೆ ಬಾಯಿಬಿಟ್ಟು ಹೇಳದ ಒಂದು ಮಾತಿದೆ: ಇಲ್ಲಿ ನಿನಗೆ ಕೆಡುಕಾದರೆ ನಾಳೆ ಇದೇ ಬೀದಿಯಲ್ಲಿ ನಾನು ನಿನಗೆ ಮುಖ ತೋರಿಸಬೇಕಲ್ಲ. ಆಸ್ಪತ್ರೆಯ ನೌಕರರು ಸಂಜೆ ಬೇರೆ ಬಡಾವಣೆಗೆ ಹೋಗುತ್ತಾರೆ. ಪ್ರೊಮೊತೋರಾ ಹೋಗುವುದಿಲ್ಲ. ಜಾಮೀನು ಎಂದು ನಾನು ಕರೆದದ್ದು ಈ ಒತ್ತೆಯನ್ನು.

ಇದು ಬರಿ ಭಾವನೆಯ ಮಾತೇ, ಇಲ್ಲ ಲೆಕ್ಕಕ್ಕೂ ಸಿಗುತ್ತದೆಯೇ? ಮೂರು ಅಧ್ಯಯನಗಳನ್ನು ನೋಡೋಣ. ಸ್ಯಾನ್ ಡಿಯೆಗೊದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪೋರ್ ಲಾ ವಿದಾ ಅಧ್ಯಯನದಲ್ಲಿ 36 ಮಂದಿ ಹೆಂಗಸರು ತಮ್ಮ ಪರಿಚಯದವರ ಗುಂಪುಗಳನ್ನು ತಾವೇ ಕಟ್ಟಿ ವಾರಕ್ಕೊಂದರಂತೆ ಹನ್ನೆರಡು ವಾರ ಕೂಟ ನಡೆಸಿದರು. ಒಟ್ಟು 512 ಮಹಿಳೆಯರು ಪಾಲ್ಗೊಂಡರು. ಕ್ಯಾನ್ಸರ್ ಕುರಿತ ಗುಂಪುಗಳಲ್ಲಿ ತಪಾಸಣೆ ಹೆಚ್ಚಿತು. ಹೊಲಗೆಲಸದವರ ಊರುಗಳಲ್ಲಿ 50 ದಾಟಿದ ಮಹಿಳೆಯರ ನಡುವೆ ನಡೆದ, 2009ರಲ್ಲಿ ಪ್ರಕಟವಾದ ಕುಲ್ತಿವಾಂದೊ ಲಾ ಸಲೂದ್ ಅಧ್ಯಯನದಲ್ಲಿ ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡವರು ಪ್ರೊಮೊತೋರಾ ತಲುಪಿದ ಗುಂಪಿನಲ್ಲಿ ಶೇ. 39.5, ತಲುಪದ ಗುಂಪಿನಲ್ಲಿ ಶೇ. 23.6, ಮ್ಯಾಮೊಗ್ರಾಮ್ ಶೇ. 40.8 ಮತ್ತು ಶೇ. 29.9. ಮೂರನೆಯದು ಅಮಿಗಾಸ್, 2013ರದು. ಎಲ್ ಪಾಸೊ, ಹ್ಯೂಸ್ಟನ್ ಮತ್ತು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ, ಪ್ಯಾಪ್ ಪರೀಕ್ಷೆಯ ಗಡುವು ಮೀರಿದ್ದ ಮೆಕ್ಸಿಕೊ ಮೂಲದ 613 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಪ್ರೊಮೊತೋರಾ, ವಿಡಿಯೊ, ಚಿತ್ರಪಟ ಮೂರೂ. ಒಂದಕ್ಕೆ ವಿಡಿಯೊ ಇಲ್ಲ. ಒಂದಕ್ಕೆ ಚಿತ್ರಪಟ ಇಲ್ಲ. ನಾಲ್ಕನೆಯದಕ್ಕೆ ಏನೂ ಇಲ್ಲ. ಆರು ತಿಂಗಳಲ್ಲಿ ಏನೂ ಇಲ್ಲದ ಗುಂಪಿನಲ್ಲಿ ಪರೀಕ್ಷೆ ಆಯಿತೆಂದವರು ಶೇ. 25, ಪೂರ್ತಿ ಕಾರ್ಯಕ್ರಮ ಸಿಕ್ಕವರಲ್ಲಿ ಶೇ. 52. ವಿಡಿಯೊ ತೆಗೆದರೂ ಚಿತ್ರಪಟ ತೆಗೆದರೂ ಏನೂ ಇಲ್ಲದ ಗುಂಪಿಗಿಂತ ಫಲಿತಾಂಶ ಸ್ಪಷ್ಟವಾಗಿ ಮೇಲೇ ಇತ್ತು. ಮೂರು ಗುಂಪುಗಳಲ್ಲೂ ಬದಲಾಗದೆ ಉಳಿದದ್ದು ಪ್ರೊಮೊತೋರಾ ಒಬ್ಬಳೇ. ಆಕೆಯ ದೇಶದವರ ಮೈಗೆ ಹಿಂದೊಮ್ಮೆ ರಾಸಾಯನಿಕ ಸುರಿದ ಊರೇ ಈ ಅಧ್ಯಯನದ ಒಂದು ತಾಣವಾಗಿತ್ತೆಂಬುದನ್ನು ಓದುಗರು ಗಮನಿಸಿರಬಹುದು.

ಇಲ್ಲಿ ನನ್ನ ವಾದಕ್ಕೇ ಬರುವ ತೊಡಕುಗಳಿವೆ. ಪೋರ್ ಲಾ ವಿದಾದಲ್ಲಿ ಹೋಲಿಕೆಗೆಂದು ಇಟ್ಟಿದ್ದ ಗುಂಪುಗಳನ್ನೂ ನಡೆಸಿದವರು ಅಂಥದೇ ಹೆಂಗಸರು. ವಿಷಯ ಮಾತ್ರ ದಿನನಿತ್ಯದ ಬದುಕಿನ ಜಾಣ್ಮೆಗಳು. ಅಲ್ಲಿ ತಪಾಸಣೆ ಅಷ್ಟು ಏರಲಿಲ್ಲ. ಅಂದರೆ ನಂಬಿಕಸ್ಥಳಾದ ಹೆಂಗಸೊಬ್ಬಳು ಎದುರಿಗಿದ್ದರೆ ಸಾಲದು, ಹೇಳುವ ವಿಷಯವೂ ಮುಖ್ಯ ಎಂದಾಯಿತು. ಇದನ್ನು ಒಪ್ಪುತ್ತೇನೆ. ಜಾಮೀನು ಎಂಬುದು ಗಾಳಿಯಲ್ಲಿ ನಿಲ್ಲುವುದಿಲ್ಲ, ಇಂಥದ್ದಕ್ಕೆ ಎಂದು ನಿಲ್ಲಬೇಕು. ಯಾವ ಪರೀಕ್ಷೆ, ಯಾವ ಜಾಗ, ಎಷ್ಟು ಖರ್ಚು ಎಂದು ಹೇಳದ ಗೆಳತಿ ಎಷ್ಟೇ ಬೇಕಾದವಳಾದರೂ ಆಸ್ಪತ್ರೆಗೆ ದಾರಿಯಾಗುವುದಿಲ್ಲ. ಅಮಿಗಾಸ್‌ನಲ್ಲೂ ಪ್ರೊಮೊತೋರಾ ಇಲ್ಲದೆ ಬರಿ ವಿಡಿಯೊ ಕೊಟ್ಟ ಗುಂಪು ಇರಲಿಲ್ಲ, ಆದ್ದರಿಂದ ಎರಡನ್ನೂ ಪೂರ್ತಿ ಬಿಡಿಸಿ ತೂಗಲು ಬರುವುದಿಲ್ಲ. ಇಂಥ ಅಧ್ಯಯನಗಳು ಬಹಳಷ್ಟು ಸಲ ಹೆಂಗಸರ ಬಾಯಿಮಾತನ್ನು ನೆಚ್ಚುತ್ತವೆ, ಮನೆಗೆ ಬಂದು ಉಪಚರಿಸಿದವಳ ಮನಸ್ಸು ನೋಯಿಸಬಾರದೆಂದು ಮಾಡಿಸಿಕೊಂಡೆ ಎಂದು ಹೇಳಿದವರೂ ಇರಬಹುದು. ಎರಡು ಗುಂಪುಗಳ ನಡುವಿನ ಅಂತರದಲ್ಲಿ ಇದಕ್ಕಾಗಿ ಒಂದಿಷ್ಟು ಕಳೆಯಬೇಕು. ಕಳೆದರೂ ಬೇರೆಬೇರೆ ಊರು, ಬೇರೆಬೇರೆ ದಶಕ, ಬೇರೆಬೇರೆ ಸಂಶೋಧಕರ ಕೈಯಲ್ಲಿ ಅಂತರ ಒಂದೇ ದಿಕ್ಕಿಗೆ ನಿಂತಿದೆ.

ಇನ್ನು ಹಣೆಬರಹದ ಮಾತು. ಅದು ಪೂರ್ತಿ ಸುಳ್ಳೆಂದು ಹೇಳಲಾಗದು. 1992ರಲ್ಲಿ ಎಲಿಸಿಯೊ ಪೆರೆಸ್ ಸ್ಟೇಬ್ಲ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಜನರ ಬಗ್ಗೆ ಪ್ರಕಟಿಸಿದ ಸಮೀಕ್ಷೆ ಲ್ಯಾಟಿನೊ ಜನರಲ್ಲಿ ಕ್ಯಾನ್ಸರ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚೆಂದು ತೋರಿಸಿತು. ಮಾನವಶಾಸ್ತ್ರಜ್ಞ ಲಿಯೊ ಚಾವೆಸ್ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ನಡೆಸಿದ ಕೆಲಸವೂ, ಇಂಥ ನಂಬಿಕೆ ಇದ್ದವರು ಪ್ಯಾಪ್ ಪರೀಕ್ಷೆಗೆ ಕಡಿಮೆ ಹೋಗುತ್ತಾರೆಂದು ಕಂಡಿತು. ಆದರೆ 2007ರಲ್ಲಿ ಆನಾ ಅಬ್ರಾಯಿದೊ ಲಾನ್ಸಾ ಮತ್ತು ಸಂಗಡಿಗರು ಈ ಜಾಡಿನ ಸಂಶೋಧನೆಗೆ ಎಚ್ಚರಿಕೆ ಕೊಟ್ಟರು: ಬಡತನ, ವಿಮೆ, ಆಸ್ಪತ್ರೆಯ ದೂರ ಇವನ್ನೆಲ್ಲ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳಿದದ್ದನ್ನೆಲ್ಲ ಹಣೆಬರಹದ ನಂಬಿಕೆ ಎಂದು ಕರೆದುಬಿಡುವ ಅಪಾಯವಿದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕ್ಯಾನ್ಸರ್ ಬಂದರೆ ಸಾಯುವುದೇ ಎಂದು ವಿಮೆಯಿಲ್ಲದವಳು ಹೇಳಿದರೆ ಅದು ಹಲವು ಸಲ ಆಕೆ ಕಣ್ಣಾರೆ ಕಂಡ ಸಂಗತಿ; ತಡವಾಗಿ ಪತ್ತೆಯಾಗಿ, ಚಿಕಿತ್ಸೆಗೆ ದುಡ್ಡಿಲ್ಲದೆ ಸತ್ತವರು ಆಕೆಯ ಬಳಗದಲ್ಲೇ ಇರುತ್ತಾರೆ. ಇದಕ್ಕೆ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆ ಸಾಕ್ಷಿ. ಅಲ್ಲಿ 1964ರಿಂದ 1986ರವರೆಗೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಬಡ, ಬಹುಪಾಲು ಕಪ್ಪು ಮಹಿಳೆಯರಲ್ಲಿ ಐದು ವರ್ಷ ಬದುಕುಳಿದವರು ಶೇ. 39 ಮಾತ್ರ. ಇವರ ಮನೆಮಾತು ಇಂಗ್ಲಿಷ್, ಹುಟ್ಟಿದ್ದು ಬಹುಪಾಲು ಇದೇ ದೇಶದಲ್ಲಿ. ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ ಉಚಿತ ತಪಾಸಣೆ ತಂದು, 1990ರಲ್ಲಿ ರೋಗಿಗೆ ಹೆಜ್ಜೆಹೆಜ್ಜೆಗೂ ಜೊತೆಯಾಗಿ ದಾರಿ ತೋರಿಸುವವರನ್ನು ನೇಮಿಸಿದ ಮೇಲೆ ಆ ಪ್ರಮಾಣ ಶೇ. 70ಕ್ಕೆ ಏರಿತು. ಜನರ ನಂಬಿಕೆ ಬದಲಿಸುವುದಕ್ಕಿಂತ ಮುಖ್ಯವಾಗಿ ದಾರಿಯ ಅಡ್ಡಿಗಳನ್ನು ತೆಗೆದರು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಸರ್ಕಾರ ವಿಮೆ ಕೊಡುವ ಬದಲು ಅಗ್ಗದಲ್ಲಿ ಸಿಗುವ ಹೆಂಗಸರನ್ನು ಮುಂದೆ ಬಿಟ್ಟು ಕೈತೊಳೆದುಕೊಳ್ಳುತ್ತಿದೆ ಎಂಬುದು. ಈ ಅನುಮಾನವನ್ನು ಡೇವಿಡ್ ವರ್ನರ್ 1977ರಷ್ಟು ಹಿಂದೆಯೇ ಎತ್ತಿ, ಹಳ್ಳಿಯ ಆರೋಗ್ಯ ಕಾರ್ಯಕರ್ತ ವ್ಯವಸ್ಥೆಯ ಊಳಿಗದವನೋ, ಜನರ ಬಿಡುಗಡೆಗೆ ದುಡಿಯುವವನೋ ಎಂದು ಕೇಳಿದ್ದರು. ಕ್ಯಾನ್ಸರ್ ಯೋಜನೆಯ ಚರಿತ್ರೆ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. 1990ರ ಕಾಯ್ದೆಯ ಹಣವನ್ನು ತಪಾಸಣೆಗೆ ಬಳಸಬಹುದಿತ್ತು, ಚಿಕಿತ್ಸೆಗೆ ಬಳಸುವಂತಿರಲಿಲ್ಲ. ರೋಗವಿದೆ ಎಂದು ಹೇಳಿ, ಮದ್ದಿಗೆ ನೀವೇ ದಾರಿ ನೋಡಿಕೊಳ್ಳಿ ಎನ್ನುವ ಈ ಸ್ಥಿತಿ ಹತ್ತು ವರ್ಷ ನಡೆಯಿತು. ಆ ಹತ್ತು ವರ್ಷ ಚಿಕಿತ್ಸೆಗಾಗಿ ಧರ್ಮಾರ್ಥ ಆಸ್ಪತ್ರೆಗಳ, ವೈದ್ಯರ ಬಾಗಿಲು ತಟ್ಟಿದವರಲ್ಲಿ ಪ್ರೊಮೊತೋರಾಗಳೂ ಇದ್ದರು. 2000ದಲ್ಲಿ ಇನ್ನೊಂದು ಕಾಯ್ದೆ ಬಂದು, ಯೋಜನೆಯಲ್ಲಿ ರೋಗ ಪತ್ತೆಯಾದವರಿಗೆ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ನೆರವು ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ಅಷ್ಟರೊಳಗೆ 1996ರ ಕಲ್ಯಾಣ ಕಾಯ್ದೆ ವಲಸಿಗರಿಗೆ ಇನ್ನೊಂದು ಬೇಲಿ ಹಾಕಿಯಾಗಿತ್ತು: ಕಾನೂನುಬದ್ಧವಾಗಿ ಬಂದವರಲ್ಲೂ ಹೆಚ್ಚಿನವರು ಐದು ವರ್ಷ ಕಾಯಬೇಕು, ಕಾಗದಪತ್ರವಿಲ್ಲದವರಿಗೆ ತುರ್ತುಚಿಕಿತ್ಸೆ ಬಿಟ್ಟರೆ ಮೆಡಿಕೇಡ್ ಇಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 187ನೇ ಪ್ರಸ್ತಾವ, ಕಾಗದಪತ್ರವಿಲ್ಲದವರ ಬಗ್ಗೆ ಆರೋಗ್ಯ ಕೇಂದ್ರಗಳೇ ಸರ್ಕಾರಕ್ಕೆ ತಿಳಿಸಬೇಕೆಂದಿತು; ನ್ಯಾಯಾಲಯ ತಡೆಯಿತು. 2019ರಲ್ಲಿ ಸರ್ಕಾರಿ ನೆರವು ಪಡೆದವರಿಗೆ ಕಾಯಂ ವಾಸದ ಹಸಿರು ಕಾರ್ಡ್ ನಿರಾಕರಿಸಬಹುದಾದ ನಿಯಮ ಬಂತು, 2021ರಲ್ಲಿ ಹೋಯಿತು. ಇಂಥ ಕಾನೂನು ಬಂದರೂ, ಹೋದರೂ, ಬರುವ ಸುದ್ದಿ ಎದ್ದರೂ ಪ್ರೊಮೊತೋರಾಳ ಮಾತಿನ ಬೆಲೆ ಇಳಿಯುತ್ತದೆ. ತನ್ನ ಕೈಯಲ್ಲಿಲ್ಲದ್ದಕ್ಕೆ ಆಕೆ ಹೇಗೆ ಹೊಣೆ ನಿಂತಾಳು? ಆದರೂ ಈ ಆಕ್ಷೇಪದಿಂದ ಪ್ರೊಮೊತೋರಾ ಬೇಡವೆಂಬ ತೀರ್ಮಾನ ಹುಟ್ಟುವುದಿಲ್ಲ. ವಿಮೆ ಇದ್ದರೂ ದಾರಿ ತಿಳಿಯದೆ ಹೊರಗುಳಿಯುವವರಿದ್ದಾರೆ. ವಿಮೆಯೂ ಬೇಕು, ಕರೆದೊಯ್ಯುವವಳೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವ ಆಟವನ್ನು ಮಾತ್ರ ಗುರುತಿಸಿ ಹೇಳಬೇಕು. ಮ್ಯಾಮೊಗ್ರಾಮಿನಿಂದ ಬೇಡದ ಚಿಕಿತ್ಸೆಗಳೂ ಹೆಚ್ಚುತ್ತವೆ, ಯಾವ ವಯಸ್ಸಿಗೆ ಶುರುಮಾಡಬೇಕೆಂಬುದರಲ್ಲಿ ತಜ್ಞರಿಗೇ ಒಮ್ಮತವಿರಲಿಲ್ಲ ಎಂಬ ಮಾತೂ ನಿಜ. ಗರ್ಭಕಂಠದ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ, ಈ ಪ್ರಬಂಧದ ಭಾರವನ್ನು ನಾನು ಅದರ ಮೇಲೆ ಹಾಕಿರುವುದು ಅದಕ್ಕೇ.

ಪ್ರೊಮೊತೋರಾಗಳ ಕೂಲಿಯ ಮಾತು ಬಿಡುವಂತಿಲ್ಲ. ಬಹಳ ಕಾಲ ಅವರದು ಸೇವೆ ಎನಿಸಿಕೊಂಡಿತು, ಕೆಲಸ ಎನಿಸಿಕೊಳ್ಳಲಿಲ್ಲ. ಟೆಕ್ಸಾಸ್ 1999ರಲ್ಲಿ ಕಾನೂನಿನ ಮೂಲಕ ಇವರ ತರಬೇತಿಯ ವಿಚಾರ ಕೈಗೆತ್ತಿಕೊಂಡು ಮುಂದೆ 160 ಗಂಟೆಗಳ ತರಬೇತಿ, ಪ್ರಮಾಣಪತ್ರ ಎಂದು ಗೊತ್ತುಮಾಡಿತು. 2010ರಲ್ಲಿ ಒಕ್ಕೂಟ ಸರ್ಕಾರದ ಉದ್ಯೋಗಗಳ ಪಟ್ಟಿಯಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರೆಂಬ ಸಾಲು ಸೇರಿತು. ಪಟ್ಟಿಗೆ ಸೇರಿದರೂ ಸಂಬಳ ಬಹುಕಡೆ ಅನುದಾನದ ಮೇಲೆ ನಿಂತಿದೆ. ಅನುದಾನ ಎರಡು ಮೂರು ವರ್ಷಕ್ಕೆ ಮುಗಿದರೆ ಪ್ರೊಮೊತೋರಾ ಮನೆಗೆ ಹೋಗುತ್ತಾಳೆ, ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಬಾ ಎಂದು ಆಕೆ ಹೇಳಿದ್ದ ಹೆಂಗಸರು ಮುಂದಿನ ಸರದಿಗೆ ಯಾರನ್ನು ಕೇಳಬೇಕೋ ತಿಳಿಯದೆ ಉಳಿಯುತ್ತಾರೆ. ಕರ್ನಾಟಕದ ಓದುಗರಿಗೆ ಇದು ಗುರುತಿಲ್ಲದ ಪಾಡಲ್ಲ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ನಮ್ಮ ಆಶಾ ಕಾರ್ಯಕರ್ತೆಯರೂ ಅಲ್ಮಾ ಆತಾದ ಅದೇ ಬಳ್ಳಿಯ ಕುಡಿ. ಅವರ ಕೈಗೆ ಸಿಗುವುದಕ್ಕೆ ಇಂದಿಗೂ ಗೌರವಧನ, ಪ್ರೋತ್ಸಾಹಧನ ಎಂದೇ ಹೆಸರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲಿರುಳು ಕೂತದ್ದು ನಿಶ್ಚಿತ ಗೌರವಧನಕ್ಕಾಗಿ. ಗರ್ಭಕಂಠದ ತಪಾಸಣೆಯಲ್ಲಿ ನಾವು ಇನ್ನೂ ಹಿಂದಿದ್ದೇವೆ: 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೊಮ್ಮೆ ಈ ತಪಾಸಣೆ ಮಾಡಿಸಿಕೊಂಡ 30ರಿಂದ 49 ವಯಸ್ಸಿನ ಮಹಿಳೆಯರು ದೇಶದಲ್ಲಿ ಶೇ. 2ನ್ನೂ ಮುಟ್ಟಿರಲಿಲ್ಲ. ನಮ್ಮಲ್ಲೂ ಇದಕ್ಕೆ ಹೆಂಗಸರ ನಾಚಿಕೆಯನ್ನು, ಮೌಢ್ಯವನ್ನು ಹೊಣೆ ಮಾಡುವ ಮಾತು ಸುಲಭವಾಗಿ ಬರುತ್ತದೆ. 1970ರ ದಶಕದಲ್ಲಿ ಸಂತಾನಶಕ್ತಿಹರಣ ಶಿಬಿರಗಳ ಗುರಿ ತಲುಪಲು ಸರ್ಕಾರ ಬಲವಂತ ಮಾಡಿದ ದೇಶ ನಮ್ಮದೂ ಹೌದೆಂಬುದನ್ನು ಆಗ ಯಾರೂ ಎತ್ತುವುದಿಲ್ಲ.

ಈಗ ಪರೀಕ್ಷೆಯೇ ಬದಲಾಗುತ್ತಿದೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂದು ತೋರಿಸಿದ ಹರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಆ ವೈರಸ್ಸನ್ನು ಪತ್ತೆಮಾಡಲು ಮಹಿಳೆ ತಾನೇ ಕಡ್ಡಿಯಿಂದ ಮಾದರಿ ತೆಗೆದುಕೊಟ್ಟರೆ ಸಾಕು. ಚಿಕಿತ್ಸಾಲಯದೊಳಗೆ ಹೀಗೆ ತಾನೇ ಮಾದರಿ ತೆಗೆಯುವುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು, ಮರುವರ್ಷ ಮನೆಯಲ್ಲೇ ತೆಗೆಯುವ ಸಾಧನಕ್ಕೂ ಕೊಟ್ಟಿತು. ಬಟ್ಟೆ ಬಿಚ್ಚಿ ಅಪರಿಚಿತರ ಮುಂದೆ ಮಲಗುವ ಭಯ ಇದರಿಂದ ತಪ್ಪುತ್ತದೆ. ಅದು ದೊಡ್ಡ ಮಾತು, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇದನ್ನೇ ನೆಪ ಮಾಡಿ ಇನ್ನು ಪ್ರೊಮೊತೋರಾ ಏಕೆ, ಕಡ್ಡಿಯನ್ನು ಅಂಚೆಯಲ್ಲಿ ಕಳಿಸಿದರಾಯಿತು ಎನ್ನುವ ಲೆಕ್ಕಾಚಾರ ಬಂದರೆ ಅದನ್ನು ವಿರೋಧಿಸಬೇಕು. ವೈರಸ್ ಇದೆ ಎಂಬ ಫಲಿತಾಂಶ ಬಂದ ಹೆಂಗಸಿಗೆ ಮುಂದಿನ ಹೆಜ್ಜೆ ಹಲವು ಸಲ ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೊಪಿ, ಬೇಕಾದರೆ ಬಯಾಪ್ಸಿ, ಆಮೇಲೆ ಕೆಟ್ಟ ಪದರವನ್ನು ತೆಗೆಸುವುದು. ಇವು ಮೂರೂ ಆಸ್ಪತ್ರೆಯೊಳಗೇ ಆಗಬೇಕು, ಮೂರಕ್ಕೂ ಹಣ ಬೇಕು, ಜೊತೆಗೆ ಬರುವವರು ಬೇಕು. ಮಾದರಿ ಕಡ್ಡಿಗೆ ಹಣ ಇಡುವ ಪ್ರತಿ ರಾಜ್ಯವೂ ಅದೇ ಪುಟದಲ್ಲಿ ಕಾಗದಪತ್ರ ಕೇಳದ ಚಿಕಿತ್ಸೆಗೂ ಪ್ರೊಮೊತೋರಾಳ ಕಾಯಂ ಸಂಬಳಕ್ಕೂ ಹಣ ಇಡಬೇಕು.